ಕತ್ತರಿಸದ ಕಾಗದ: ಅಂಚೆಚೀಟಿ ಬರುವ ಮೊದಲಿನ ಕೈಮುದ್ರೆಗಳ ಸಂಗ್ರಹದ ಬಗ್ಗೆ

(ಬಳ್ಳಾರಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಹನ್ನೆರಡು ವರ್ಷಗಳ ಹಿಂದೆ ಇದೇ ಊರಿನ ಹಳೆಯ ಮನೆಯೊಂದನ್ನು ಕೆಡವುವ ಮೊದಲು ಅಲ್ಲಿನ ಸಾಮಾನುಗಳನ್ನು ಮಾರುತ್ತಿದ್ದರು. ನನಗೆ ಅಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಒಳಗೆ ಇನ್ನೂರಕ್ಕೂ ಹೆಚ್ಚು ಕಾಗದದ ತುಂಡುಗಳಿದ್ದವು. ಒಂದೊಂದು ತುಂಡಿನ ಮೇಲೂ ಒಂದೊಂದು ಅಂಚೆ ಮುದ್ರೆ. ಯಾರೋ ಬಹಳ ಆಸ್ಥೆಯಿಂದ, ಚೂಪಾದ ಕತ್ತರಿಯಿಂದ, ಮುದ್ರೆಯ ಸುತ್ತ ಒಂದಿಷ್ಟು ಅಂಚು ಬಿಟ್ಟು ಕತ್ತರಿಸಿಟ್ಟಿದ್ದರು. ಆ ತುಂಡುಗಳ ನಡುವೆ, ಅಂಚೆಚೀಟಿ ಇಲ್ಲದ ಕಾಲಕ್ಕೆ ಸೇರಿದ, ಇಂಗ್ಲಿಷಿನಲ್ಲಿ ನಮ್ಮ ಊರಿನ ಹೆಸರಿರುವ ಒಂದು ಕೆಂಪು ಮುದ್ರೆಯೂ ಇತ್ತು. ಅದನ್ನು ಕಂಡಾಗ ನನಗೆ ಆದ ಸಂತೋಷ ಹತ್ತು ನಿಮಿಷವೂ ಉಳಿಯಲಿಲ್ಲ. ಆ ಕಾಗದವನ್ನು ಯಾರು ಬರೆದರು, ಯಾರಿಗೆ ಬರೆದರು, ಯಾವ ತಾರೀಖಿನಂದು ಹೊರಟಿತು, ಯಾವ ದಾರಿಯಲ್ಲಿ ಹೋಯಿತು, ಎಷ್ಟು ಹಣ ತೆತ್ತರು ಎಂಬ ಯಾವ ಪ್ರಶ್ನೆಗೂ ಆ ತುಂಡಿನಲ್ಲಿ ಉತ್ತರವಿರಲಿಲ್ಲ. ಉತ್ತರಗಳೆಲ್ಲ ಕತ್ತರಿಯ ಇನ್ನೊಂದು ಬದಿಯಲ್ಲಿ ಉಳಿದಿದ್ದವು, ಆ ಬದಿಯನ್ನು ಎಸೆಯಲಾಗಿತ್ತು.

ಇವತ್ತು ನಾನು ನಿಮ್ಮ ಮುಂದೆ ಹೇಳಬೇಕೆಂದಿರುವುದು ಮುಖ್ಯವಾಗಿ ಇದೊಂದೇ. ಅಂಚೆಚೀಟಿ ಬರುವ ಮೊದಲಿನ ಕೈಮುದ್ರೆಯನ್ನು ಸಂಗ್ರಹಿಸುವವರು ನಿಜವಾಗಿ ಸಂಗ್ರಹಿಸಬೇಕಾದದ್ದು ಮುದ್ರೆ ಬಿದ್ದ ಇಡೀ ಕಾಗದವನ್ನು. ಉಳಿದ ಸಂಗತಿಗಳನ್ನು ನಾನು ಇದರ ಸುತ್ತಲೇ ಹೇಳುತ್ತೇನೆ.

ಮೊದಲು ಕೈಮುದ್ರೆ ಎಂದರೇನು ಎಂಬುದನ್ನು ತಿಳಿಯೋಣ. ಲೋಹದಲ್ಲೋ ಮರದಲ್ಲೋ ಕೆತ್ತಿದ ಅಚ್ಚಿಗೆ ಮಸಿ ಹಚ್ಚಿ, ಕೈಯಿಂದ ಕಾಗದದ ಮೇಲೆ ಒತ್ತಿದ ಗುರುತು ಅದು. ನಾವು ಕಚೇರಿಗಳಲ್ಲಿ ಠಸ್ಸೆ ಎನ್ನುತ್ತೇವಲ್ಲ, ಅದೇ. ಇಂಗ್ಲೆಂಡಿನ ಅಂಚೆಯಲ್ಲಿ ತಾರೀಖಿನ ಠಸ್ಸೆಯ ಬಳಕೆ ಹುಟ್ಟಿದ್ದು ಹಣ ವಸೂಲಿಗಾಗಿ ಅಲ್ಲ, ಒಂದು ದೂರಿಗೆ ಉತ್ತರವಾಗಿ. ಲಂಡನ್ನಿನಲ್ಲಿ ಆ ದೇಶದ ಅಂಚೆಯ ಮುಖ್ಯಸ್ಥನಾಗಿದ್ದ ಹೆನ್ರಿ ಬಿಷಪ್ 1661ರಲ್ಲಿ ಒಂದು ಸಣ್ಣ ವೃತ್ತದ ಮುದ್ರೆಯನ್ನು ಜಾರಿಗೆ ತಂದ. ವೃತ್ತದ ನಡುವೆ ಒಂದು ಅಡ್ಡಗೆರೆ, ಒಂದು ಭಾಗದಲ್ಲಿ ತಿಂಗಳಿನ ಎರಡು ಅಕ್ಷರ, ಇನ್ನೊಂದು ಭಾಗದಲ್ಲಿ ತಾರೀಖು, ಅಷ್ಟೇ. ಕಾಗದಗಳು ತಡವಾಗಿ ತಲುಪುತ್ತವೆ ಎಂದು ಜನ ಗೊಣಗುತ್ತಿದ್ದರು. ಕಾಗದ ಕಚೇರಿಗೆ ಬಂದ ದಿನ ಅದರ ಮೇಲೆಯೇ ಬಿದ್ದರೆ ಹಂಚುವವನು ಅದನ್ನು ದಿನಗಟ್ಟಲೆ ತನ್ನ ಬಳಿ ಇಟ್ಟುಕೊಳ್ಳಲು ಧೈರ್ಯ ಮಾಡಲಾರ ಎಂಬುದು ಆತನ ಲೆಕ್ಕಾಚಾರವಾಗಿತ್ತು. ಹತ್ತೊಂಬತ್ತು ವರ್ಷಗಳ ನಂತರ, 1680ರಲ್ಲಿ, ಅದೇ ಲಂಡನ್ನಿನಲ್ಲಿ ವಿಲಿಯಂ ಡಾಕ್ರಾ ಎಂಬ ವ್ಯಾಪಾರಿ ಖಾಸಗಿಯಾಗಿ ಒಂದು ಪೆನ್ನಿಯ ಅಂಚೆಯನ್ನು ಆರಂಭಿಸಿ, ಹಣ ಮೊದಲೇ ಸಂದಿದೆ ಎಂದು ಸಾರುವ ತ್ರಿಕೋನ ಮುದ್ರೆಯನ್ನು ಒತ್ತಿಸಿದ. ಎರಡೇ ವರ್ಷಗಳಲ್ಲಿ ಸರ್ಕಾರ ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಹೀಗೆ ಮುದ್ರೆಯ ಎರಡು ಕೆಲಸಗಳು ಆರಂಭದಲ್ಲೇ ನಿಶ್ಚಯವಾದವು: ಕಾಲಕ್ಕೆ ಸಾಕ್ಷಿ ಹೇಳುವುದು, ಹಣಕ್ಕೆ ಸಾಕ್ಷಿ ಹೇಳುವುದು. ಇಂಗ್ಲೆಂಡಿನಲ್ಲಿ 1840ರ ಮೇ ತಿಂಗಳಲ್ಲಿ ಪೆನ್ನಿ ಬ್ಲ್ಯಾಕ್ ಎಂಬ ಮೊದಲ ಅಂಟುಚೀಟಿ ಬಂದಾಗ, ಹಣಕ್ಕೆ ಸಾಕ್ಷಿ ಹೇಳುವ ಕೆಲಸ ಆ ಚೀಟಿಯ ಪಾಲಿಗೆ ಹೋಯಿತು.

ನಮ್ಮ ದೇಶದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರ ಅಂಚೆಯನ್ನು 1766ರಲ್ಲಿ ರಾಬರ್ಟ್ ಕ್ಲೈವ್ ವ್ಯವಸ್ಥೆಗೊಳಿಸಿದ್ದು ಆಡಳಿತದ ಕಾಗದಗಳಿಗಾಗಿ. ಸಾರ್ವಜನಿಕರು ಹಣ ಕೊಟ್ಟು ಕಾಗದ ಕಳಿಸಲು ಅವಕಾಶವಾದದ್ದು 1774ರಲ್ಲಿ, ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ. ಆಗ ನೂರು ಮೈಲಿಗೆ ಎರಡಾಣೆಯ ದರವಿತ್ತು, ಆ ಎರಡಾಣೆಗೆಂದೇ ತಾಮ್ರದ ಬಿಲ್ಲೆಗಳನ್ನು ಟಂಕಿಸಿದ್ದರು. ಮದರಾಸಿನಲ್ಲಿ ಸಾರ್ವಜನಿಕ ಅಂಚೆ ಕಚೇರಿ ತೆರೆದದ್ದು 1786ರಲ್ಲಿ. ನಮಗೆ ಬೇಕಾದ ದಾರಿ ಇಲ್ಲಿಂದ ಹೊರಡುತ್ತದೆ. 1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ, ಅನಂತಪುರ, ಕಡಪ ಮೊದಲಾದ ಪ್ರದೇಶಗಳನ್ನು ಕಂಪನಿಗೆ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟ ಜಿಲ್ಲೆಗಳು ಎಂದೇ ಅವು ಹೆಸರಾದವು. ಥಾಮಸ್ ಮನ್ರೋ ಅವುಗಳ ಪ್ರಧಾನ ಕಲೆಕ್ಟರರಾಗಿ ಏಳು ವರ್ಷ ಇದ್ದರು. ಕೋಟೆ ಇತ್ತು, ದಂಡು ಬಂತು, ಕಚೇರಿ ಬಂತು. ಇವು ಮೂರೂ ಇದ್ದ ಮೇಲೆ ಕಾಗದಗಳ ಓಡಾಟಕ್ಕೆ ಕೊರತೆಯಿಲ್ಲ. ಮದರಾಸು ಇಲ್ಲಿಗೆ ಸುಮಾರು 300 ಮೈಲಿ. ಆ ದಾರಿಯುದ್ದಕ್ಕೂ ಚೀಲ ಹೊತ್ತ ಹರಿಕಾರರು ಸರದಿಯ ಮೇಲೆ ಓಡುತ್ತಿದ್ದರು. ಒಬ್ಬನ ಗಡಿ ಮುಗಿದಲ್ಲಿ ಇನ್ನೊಬ್ಬ ಚೀಲವನ್ನು ಹೆಗಲಿಗೇರಿಸುತ್ತಿದ್ದ.

ಇಲ್ಲಿ ಒಂದು ಮಾತನ್ನು ಬದಿಗೆ ಸರಿದು ಹೇಳಬೇಕು. ನಮ್ಮ ಭಾಗದ ಹಿರಿಯರು ಅಂಚೆ ಎನ್ನುವುದಕ್ಕಿಂತ ಟಪಾಲು ಎನ್ನುವುದೇ ಹೆಚ್ಚು. ಇವತ್ತಿಗೂ ಯಾವುದೇ ಸರ್ಕಾರಿ ಕಚೇರಿಗೆ ಹೋಗಿ ನೋಡಿ, ಬಂದ ಕಾಗದಗಳನ್ನು ತೆಗೆದುಕೊಳ್ಳುವ ಮೇಜಿಗೆ ಟಪಾಲು ಎಂದೇ ಹೆಸರು. ಮದರಾಸು ಪ್ರಾಂತ್ಯದ ಹಳೆಯ ಇಂಗ್ಲಿಷ್ ಕಾಗದಗಳಲ್ಲಿಯೂ ಅಂಚೆಯನ್ನು ಟಪಾಲು ಎಂದೇ ಬರೆದಿದ್ದಾರೆ, ಬಂಗಾಳದ ಕಡೆ ಅದೇ ಡಾಕ್ ಆಗುತ್ತದೆ. ಅಂಚೆ ಎಂಬ ಮಾತಾದರೋ ಮೈಸೂರಿನದು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದರೆನ್ನಲಾದ ಮೈಸೂರು ಅಂಚೆ ಕಂಪನಿಯ ಅಂಚೆಗಿಂತ ಹಳೆಯದು. ಒಂದು ಕಾಗದದ ಒಳಗೆ ಬರೆದವನು ಟಪಾಲು ಎಂದಿದ್ದಾನೋ ಅಂಚೆ ಎಂದಿದ್ದಾನೋ ಎಂಬುದರಿಂದಲೇ ಅವನು ಯಾವ ಸೀಮೆಯವನು ಎಂದು ಕೆಲವೊಮ್ಮೆ ಊಹಿಸಬಹುದು. ಕಾಗದವನ್ನು ಇಡಿಯಾಗಿ ಓದುವುದರ ಲಾಭಗಳಲ್ಲಿ ಇದೂ ಒಂದು.

ಈಗ ದರದ ವಿಷಯಕ್ಕೆ ಬರೋಣ, ಏಕೆಂದರೆ ದರ ತಿಳಿಯದವನಿಗೆ ಮುದ್ರೆ ಅರ್ಥವಾಗುವುದಿಲ್ಲ. ಅಂಚೆಚೀಟಿಗೆ ಮುಂಚೆ ಹಣ ನಿಗದಿಯಾಗುತ್ತಿದ್ದದ್ದು ದೂರ ಮತ್ತು ತೂಕ ಎರಡನ್ನೂ ನೋಡಿ. ಮದರಾಸು ಪ್ರಾಂತ್ಯದಲ್ಲಿ 1818ರವರೆಗೆ ವರಹ ಮತ್ತು ಹಣ ಎಂಬ ನಾಣ್ಯಗಳ ಲೆಕ್ಕ ನಡೆಯುತ್ತಿತ್ತು, ಆಮೇಲೆ ರೂಪಾಯಿಯ ಲೆಕ್ಕ ಬಂತು. ಆದ್ದರಿಂದ ಆ ಮೊದಲಿನ ಕಾಗದದ ಮೇಲೆ ಕೈಯಿಂದ ಬರೆದ ಅಂಕಿಯನ್ನು ಕಂಡಾಕ್ಷಣ ಆಣೆ ಎಂದು ಓದಬಾರದು. ಕಂಪನಿ ಆಳುತ್ತಿದ್ದ ಎಲ್ಲ ಪ್ರಾಂತ್ಯಗಳಿಗೂ ಒಂದೇ ಕಾನೂನು ಬಂದದ್ದು 1837ರಲ್ಲಿ. ಆಗ ತೂಕದ ಮೂಲಮಾನ ತೊಲವಾಯಿತು. ಕಂಪನಿಯ ಬೆಳ್ಳಿ ರೂಪಾಯಿಯ ತೂಕವೂ ಸರಿಯಾಗಿ ಒಂದು ತೊಲ, ಅಂದರೆ 180 ಗ್ರೇನು, ಇಂದಿನ ಲೆಕ್ಕದಲ್ಲಿ ಸುಮಾರು 11.66 ಗ್ರಾಂ. ತಕ್ಕಡಿಯ ಒಂದು ತಟ್ಟೆಯಲ್ಲಿ ಕಾಗದ, ಇನ್ನೊಂದರಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ತೂಕ ತಿಳಿಯಿತು. ಕಲ್ಕತ್ತೆಯಿಂದ ಮುಂಬಯಿಗೆ ಒಂದು ತೊಲ ತೂಕದ ಕಾಗದ ಕಳಿಸಲು ಒಂದು ರೂಪಾಯಿಯೇ ಬೇಕಾಗುತ್ತಿತ್ತು, ಆಗ್ರಾಕ್ಕೆ ಹನ್ನೆರಡಾಣೆ. ರೂಪಾಯಿ ತೂಕದ ಕಾಗದಕ್ಕೆ ರೂಪಾಯಿಯೇ ಬೆಲೆ ಎಂಬ ಮಾತಿನ ಭಾರ ನಿಮಗೆ ತಿಳಿಯಬೇಕಾದರೆ, ಆ ಕಾಲದ ಕೂಲಿಯವನ ಕೈಗೆ ಒಂದು ರೂಪಾಯಿ ಸೇರಬೇಕಾದರೆ ಎಷ್ಟು ದಿನ ದುಡಿಯಬೇಕಿತ್ತು ಎಂದು ಯೋಚಿಸಿ ನೋಡಿ. ಹಾಗಾಗಿಯೇ ಆ ಕಾಲದ ಕಾಗದಗಳಲ್ಲಿ ದೊಡ್ಡ ಪಾಲು ಕಚೇರಿಯವರದು, ದಂಡಿನವರದು, ಸಾಹುಕಾರರದು, ಪಾದ್ರಿಗಳದು.

ಹಣವನ್ನು ಕಳಿಸುವವನೂ ಕೊಡಬಹುದಿತ್ತು, ತೆಗೆದುಕೊಳ್ಳುವವನೂ ಕೊಡಬಹುದಿತ್ತು. ಕಳಿಸುವವನು ಕೊಟ್ಟಿದ್ದರೆ ಪೇಡ್ ಎಂಬ ಮುದ್ರೆ, ತೆಗೆದುಕೊಳ್ಳುವವನು ಕೊಡಬೇಕಾಗಿದ್ದರೆ ಬೇರಿಂಗ್ ಎಂಬ ಮುದ್ರೆ. ಸಾಮಾನ್ಯವಾಗಿ ಮೊದಲನೆಯದಕ್ಕೆ ಕೆಂಪು ಮಸಿ, ಎರಡನೆಯದಕ್ಕೆ ಕಪ್ಪು ಮಸಿ. ಎಲ್ಲ ಕಚೇರಿಗಳೂ ಎಲ್ಲ ಕಾಲದಲ್ಲೂ ಇದನ್ನು ಕಟ್ಟುನಿಟ್ಟಾಗಿ ಪಾಲಿಸಿದವು ಎಂದು ತಿಳಿಯಬೇಡಿ, ಆದರೂ ಕಾಗದ ಕೈಗೆ ಬಂದೊಡನೆ ಬಣ್ಣ ನೋಡುವುದು ಒಳ್ಳೆಯ ಅಭ್ಯಾಸ. ನಮ್ಮ ಊರಿನ ಉರ್ದು ಮಾತನಾಡುವ ಮನೆಗಳಲ್ಲಿ ಬೈರಂಗ್ ಎಂಬ ಮಾತಿದೆ. ಹೋದ ಕೆಲಸ ಆಗದೆ ಬರಿಗೈಯಲ್ಲಿ ಬಂದರೆ ಬೈರಂಗ್ ವಾಪಸು ಬಂದ ಎನ್ನುತ್ತಾರೆ. ಕೇಳಿದರೆ ಬಣ್ಣವಿಲ್ಲದ್ದು ಎಂಬ ಅರ್ಥದ ಮಾತಿರಬೇಕು ಅನ್ನಿಸುತ್ತದೆ. ಅದು ಬೇರಿಂಗ್ ಕಾಗದದಿಂದಲೇ ಹುಟ್ಟಿದ ಮಾತು. ಹಣ ತೆರಲು ಒಪ್ಪದ ಮನೆಯಿಂದ ಮರಳಿದ ಕಾಗದ ಅದು. ಅಂಚೆಯ ಒಂದು ಮುದ್ರೆ ಜನರ ಬಾಯಲ್ಲಿ ಇಷ್ಟು ಕಾಲ ಉಳಿದಿದೆ.

ಕಂಪನಿಯ ಕೆಲಸದ ಕಾಗದಗಳಿಗೆ ಹಣವಿರಲಿಲ್ಲ. ಅವುಗಳ ಮುಖದ ಮೇಲೆ ಸೇವೆಯ ಮೇರೆಗೆ ಎಂಬರ್ಥದ ಬರಹವೂ, ಮೂಲೆಯಲ್ಲಿ ಅಧಿಕಾರಿಯ ರುಜುವೂ ಇರುತ್ತವೆ.

ಇನ್ನು ಒಂದು ಕಾಗದವನ್ನು ಓದುವ ಬಗೆ. ಈ ಭಾಗಕ್ಕೆ ನಾನು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ಏಕೆಂದರೆ ಮುಂದೆ ನಿಮ್ಮಲ್ಲಿ ಯಾರಿಗಾದರೂ ಇಂಥದ್ದೊಂದು ಸಿಕ್ಕರೆ ಮೊದಲ ಅರ್ಧ ಗಂಟೆಯಲ್ಲಿ ನೀವು ಏನು ಮಾಡುತ್ತೀರಿ ಎಂಬುದರ ಮೇಲೆ ಅದರ ಗತಿ ನಿಂತಿದೆ. ಆ ಕಾಲದ ಕಾಗದಕ್ಕೆ ಬಹುಮಟ್ಟಿಗೆ ಪ್ರತ್ಯೇಕ ಲಕೋಟೆ ಇರುವುದಿಲ್ಲ. ಬರೆದ ಹಾಳೆಯನ್ನೇ ಮಡಿಸಿ, ಒಂದು ಅಂಚನ್ನು ಇನ್ನೊಂದರೊಳಗೆ ಸೇರಿಸಿ, ಅರಗಿನಿಂದ ಮುಚ್ಚಿ, ಹೊರಗೆ ಉಳಿದ ಜಾಗದಲ್ಲಿ ವಿಳಾಸ ಬರೆಯುತ್ತಿದ್ದರು. ಇಂಗ್ಲೆಂಡಿನಲ್ಲಿ ಹಾಳೆಗಳ ಎಣಿಕೆಯ ಮೇಲೆ ಹಣ ಪಡೆಯುತ್ತಿದ್ದುದರಿಂದ ಲಕೋಟೆಯೂ ಒಂದು ಹಾಳೆಯಾಗಿ ಬಿಡುತ್ತಿತ್ತು. ಇಲ್ಲಿ ತೂಕದ ಲೆಕ್ಕ, ಲಕೋಟೆ ಹಾಕಿದರೆ ತೂಕ ಏರುತ್ತಿತ್ತು. ಆದ್ದರಿಂದ ನಿಮ್ಮ ಕೈಗೆ ಬರುವುದು ಒಂದೇ ಹಾಳೆ, ಅದರೊಳಗೇ ಪತ್ರ, ಅದರ ಮೇಲೆಯೇ ಮುದ್ರೆ. ಕತ್ತರಿಸಿದ ಮುದ್ರೆಯ ಹಿಂಬದಿಯಲ್ಲಿ ಪತ್ರದ ನಾಲ್ಕೈದು ಸಾಲುಗಳ ತುಣುಕು ಸಿಗುವುದು ಈ ಕಾರಣಕ್ಕೆ.

ಮೊದಲು ಮಡಿಕೆಗಳನ್ನು ನೋಡಿ. ಅವಸರದಿಂದ ಬಿಡಿಸಬೇಡಿ. ಎರಡು ನೂರು ವರ್ಷ ಮಡಿಸಿಟ್ಟ ಕಾಗದ ಮಡಿಕೆಯಲ್ಲೇ ಹರಿಯುತ್ತದೆ. ಬಿಡಿಸಿದ ಮೇಲೆ ಬೆಳಕಿಗೆ ಹಿಡಿದು ಹಾಳೆಯೊಳಗಿನ ನೀರಚ್ಚನ್ನು ನೋಡಿ. ಇಂಗ್ಲೆಂಡಿನ ಕಾಗದ ತಯಾರಕರಿಗೆ 1794ರ ಒಂದು ಕಾಯಿದೆ ಅನುಕೂಲ ಮಾಡಿಕೊಟ್ಟಿತು. ನೀರಚ್ಚಿನಲ್ಲಿ ಇಸವಿ ಇದ್ದರೆ, ಹೊರದೇಶಕ್ಕೆ ಕಳಿಸಿದ ಕಾಗದದ ಮೇಲಿನ ಸುಂಕ ವಾಪಸು ಸಿಗುತ್ತಿತ್ತು. ಹಾಗಾಗಿ ನಮ್ಮ ದೇಶಕ್ಕೆ ಬಂದ ಬಹಳಷ್ಟು ಹಾಳೆಗಳ ಒಳಗೆ ತಯಾರಕರ ಹೆಸರಿನ ಜೊತೆ ಇಸವಿಯೂ ಇದೆ. ನೀರಚ್ಚಿನಲ್ಲಿ 1832 ಇರುವ ಹಾಳೆಯ ಮೇಲೆ 1825ರ ಪತ್ರ ಇರಲಾರದು. ಈ ಒಂದು ಪರೀಕ್ಷೆಗೆ ಯಾವ ಯಂತ್ರವೂ ಬೇಡ, ಕಿಟಕಿಯ ಬೆಳಕು ಸಾಕು. ಮುದ್ರೆಯ ಸುತ್ತಲಿನ ಒಂದೂವರೆ ಅಂಗುಲವನ್ನು ಮಾತ್ರ ಉಳಿಸಿಕೊಂಡವರಿಗೆ ಈ ಪರೀಕ್ಷೆ ಕೈತಪ್ಪಿ ಹೋಗುತ್ತದೆ, ನೀರಚ್ಚಿನ ಒಂದು ಅಕ್ಷರದ ಬಾಲವೂ ಅವರ ತುಂಡಿನಲ್ಲಿ ಇರುವುದಿಲ್ಲ.

ಆಮೇಲೆ ತಾರೀಖುಗಳು. ಪತ್ರದೊಳಗೆ ಬರೆದವರು ಹಾಕಿದ ತಾರೀಖು, ಹೊರಟ ಕಚೇರಿಯ ಮುದ್ರೆಯಲ್ಲಿ ಇದ್ದರೆ ಅಲ್ಲಿನ ತಾರೀಖು, ಬೆನ್ನ ಮೇಲೆ ತಲುಪಿದ ಕಚೇರಿಯ ಮುದ್ರೆ ಇದ್ದರೆ ಅದರದ್ದು, ಕೊನೆಗೆ ಪಡೆದವರು ಅಂಚಿನಲ್ಲಿ ಬರೆದಿಟ್ಟುಕೊಂಡದ್ದು. ಈ ಕೊನೆಯದನ್ನು ಜನ ಗಮನಿಸುವುದೇ ಇಲ್ಲ. ಕಚೇರಿಯವರೂ ವ್ಯಾಪಾರಿಗಳೂ ಕಾಗದವನ್ನು ಓದಿ, ಮತ್ತೆ ಉದ್ದಕ್ಕೆ ಮಡಿಸಿ, ಮೇಲಿನ ಪಟ್ಟಿಯ ಮೇಲೆ ಯಾರಿಂದ ಬಂತು, ಯಾವ ದಿನ ಬಂತು, ಯಾವ ದಿನ ಉತ್ತರ ಬರೆದೆ ಎಂದು ಗುರುತು ಹಾಕಿ ಕಟ್ಟಿಗೆ ಸೇರಿಸುತ್ತಿದ್ದರು. ಈ ನಾಲ್ಕು ತಾರೀಖುಗಳನ್ನು ಒಂದರ ಕೆಳಗೊಂದು ಬರೆದುಕೊಂಡರೆ ಕಾಗದ ಎಷ್ಟು ದಿನ ದಾರಿಯಲ್ಲಿತ್ತು, ಎಲ್ಲಿ ನಿಂತಿತು ಎಂಬುದು ತಾನಾಗಿ ಎದ್ದು ಕಾಣುತ್ತದೆ. ಒಂದೇ ದಾರಿಯ ಹತ್ತು ಕಾಗದಗಳಿದ್ದರೆ ಬೇಸಿಗೆಗೂ ಮಳೆಗಾಲಕ್ಕೂ ಇರುವ ಅಂತರವನ್ನು, ಹೊಳೆ ತುಂಬಿ ಹರಿದ ದಿನಗಳನ್ನು ಲೆಕ್ಕ ಹಾಕಬಹುದು. ಕಚೇರಿಯ ಮುದ್ರೆ ಬಳಕೆಗೆ ಬಂದ ವರ್ಷ ಮತ್ತು ಅದನ್ನು ನಿಲ್ಲಿಸಿದ ವರ್ಷ ಗೊತ್ತಾಗಬೇಕಾದರೂ ಇದೇ ದಾರಿ, ಏಕೆಂದರೆ ಎಷ್ಟೋ ಹಳೆಯ ಮುದ್ರೆಗಳಲ್ಲಿ ಊರಿನ ಹೆಸರಷ್ಟೇ ಇರುತ್ತದೆ, ಇಸವಿ ಇರುವುದಿಲ್ಲ. ಇಸವಿ ಇರುವುದು ಪತ್ರದೊಳಗೆ.

ಈಗ ಅಪರೂಪ ಎಂಬ ಮಾತಿಗೆ ಬರುತ್ತೇನೆ. ಮಾರುವವರ ಬಾಯಲ್ಲಿ ಪ್ರತಿಯೊಂದೂ ಅಪರೂಪವೇ. ನಮ್ಮ ಸೀಮೆಯ ಮಟ್ಟಿಗೆ ಹೇಳುವುದಾದರೆ ಅಪರೂಪವನ್ನು ನಿರ್ಧರಿಸುವುದು ತುಂಗಭದ್ರೆ. ಹೊಳೆಯ ಈಚೆ ಬಳ್ಳಾರಿ ಕಂಪನಿಯ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಆಚೆ ಕೊಪ್ಪಳ, ರಾಯಚೂರು ನಿಜಾಮರ ಸೀಮೆ. ನಮ್ಮ ಜಿಲ್ಲೆಯ ನಡುವೆಯೇ ಸಂಡೂರು ಘೋರ್ಪಡೆಯವರ ಸಂಸ್ಥಾನ. ದಕ್ಷಿಣಕ್ಕೆ ಮೈಸೂರು, ಅಲ್ಲಿ ಮೈಸೂರು ಅಂಚೆ. ಒಂದು ದಿನದ ನಡಿಗೆಯಲ್ಲಿ ಒಂದು ಅಂಚೆಯ ಸೀಮೆ ದಾಟಿ ಇನ್ನೊಂದಕ್ಕೆ ಹೋಗಬಹುದಾಗಿದ್ದ ಇಂಥ ಪ್ರದೇಶಗಳು ಹೆಚ್ಚಿಲ್ಲ.

ಇದರಿಂದ ಒಂದು ವಿಚಿತ್ರ ಪರಿಣಾಮವಿದೆ. ಅಂಚೆಚೀಟಿಗೆ ಮುಂಚಿನ ಕಾಲ ಎಂದು ನಾವು ಹೇಳುವಾಗ ಆ ಕಾಲ ಎಲ್ಲ ಕಡೆ ಒಂದೇ ವರ್ಷ ಮುಗಿಯಲಿಲ್ಲ. ಕಂಪನಿಯ ಅಂಚೆಯಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಅಂಚೆಚೀಟಿಗಳು ಬಂದದ್ದು 1854ರ ಅಕ್ಟೋಬರ್ 1ರಂದು. ಅದಕ್ಕೂ ಎರಡು ವರ್ಷ ಮೊದಲು, 1852ರ ಜುಲೈ 1ರಂದು, ಸಿಂಧ್ ಪ್ರಾಂತ್ಯದಲ್ಲಿ ಬಾರ್ಟಲ್ ಫ್ರಿಯರ್ ಅರ್ಧಾಣೆಯ ದುಂಡನೆಯ ಸಿಂಧ್ ಡಾಕ್ ಚೀಟಿಗಳನ್ನು ತಂದಿದ್ದರು, ಆದರೆ ಅವು ಆ ಪ್ರಾಂತ್ಯಕ್ಕೆ ಸೀಮಿತ. ನಿಜಾಮರ ಅಂಚೆಯಲ್ಲಿ ಮೊದಲ ಅಂಟುಚೀಟಿ ಬಂದದ್ದು 1869ರಲ್ಲಿ. ಮೈಸೂರು ಅಂಚೆಯಾದರೋ ತನ್ನದೇ ಚೀಟಿಗಳನ್ನು ಹೊರಡಿಸದೆಯೇ 1889ರಲ್ಲಿ ಸಾಮ್ರಾಜ್ಯದ ಅಂಚೆಯೊಳಗೆ ಲೀನವಾಯಿತು. ಹೀಗಾಗಿ 1860ರ ದಶಕದ ಒಂದು ಕಾಗದ ಬಳ್ಳಾರಿಯದಾದರೆ ಚೀಟಿಯ ಕಾಲದ್ದು, ನಿಜಾಮರ ಅಂಚೆಯಲ್ಲಿ ಹೊರಟ ಕೊಪ್ಪಳದ್ದಾದರೆ ಮುದ್ರೆಯ ಕಾಲದ್ದು. ರಾಯಚೂರಿನ ಕಥೆಯಲ್ಲಿ ಇನ್ನೂ ಒಂದು ತಿರುವಿದೆ. 1853ರ ಒಪ್ಪಂದದಂತೆ ರಾಯಚೂರು ದೋಆಬ್, ಅಂದರೆ ಕೃಷ್ಣಾ ತುಂಗಭದ್ರೆಗಳ ನಡುವಿನ ಸೀಮೆ, ಕಂಪನಿಯ ಆಡಳಿತಕ್ಕೆ ಹೋಗಿ 1860ರಲ್ಲಿ ನಿಜಾಮರಿಗೆ ಮರಳಿತು. ಆ ಏಳು ವರ್ಷಗಳ ನಡುವಿನ ರಾಯಚೂರಿನ ಯಾವುದೇ ಕಾಗದವನ್ನು ನಾನು ಹತ್ತು ಸಾಮಾನ್ಯ ಕಾಗದಗಳಿಗೆ ಬದಲಾಗಿ ತೆಗೆದುಕೊಳ್ಳುತ್ತೇನೆ. ಅದರ ಮುದ್ರೆ ಅಂದವಾಗಿರಬೇಕು ಎಂದೇನೂ ಇಲ್ಲ. ಒಂದು ಊರು ಒಂದು ಆಡಳಿತದಿಂದ ಇನ್ನೊಂದಕ್ಕೆ ಹೋಗಿ ಹಿಂತಿರುಗಿದ್ದು ಕಾಗದದ ಮೇಲೆ ಹೇಗೆ ಮೂಡಿದೆ ಎಂಬುದನ್ನು ಅದು ತೋರಿಸಬಲ್ಲದು. ದೊಡ್ಡ ದಂಡಿನ ಊರಾದ ಬಳ್ಳಾರಿಯಿಂದ ಹೊರಟ ಕಾಗದಗಳು ಹೆಚ್ಚು, ಸಣ್ಣ ಊರಿನಿಂದ ಹೊರಟವು ಕಡಿಮೆ. ಅಲ್ಲಿ ಓದುಬರಹದವರು ಕಡಿಮೆ, ಹಣ ತೆರಬಲ್ಲವರು ಇನ್ನೂ ಕಡಿಮೆ, ಬಂದ ಕಾಗದವನ್ನು ನೂರೈವತ್ತು ವರ್ಷ ಕಾಪಾಡಿದ ಮನೆಗಳು ಮತ್ತೂ ಕಡಿಮೆ.

ಇದೇ ಕಾರಣಕ್ಕೆ ಹುಡುಕಾಟವೂ ಎರಡು ದಿಕ್ಕಿಗೆ ಹೋಗಬೇಕಾಗುತ್ತದೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿದ್ದರಿಂದ ಜಿಲ್ಲೆಯ ಹಳೆಯ ದಫ್ತರ ಚೆನ್ನೈನ ಪತ್ರಾಗಾರದಲ್ಲಿದೆ. ರಾಯಚೂರು, ಕೊಪ್ಪಳದವರು ಹೈದರಾಬಾದಿನ ಕಡೆ ಮುಖ ಮಾಡಬೇಕು, ಫಾರಸಿ ಉರ್ದು ಬಲ್ಲವರ ಸಹಾಯವನ್ನೂ ಪಡೆಯಬೇಕು. ವ್ಯಾಪಾರಿಗಳ ಕಾಗದಗಳಲ್ಲಿ ಮರಾಠಿಯ ಮೋಡಿ ಲಿಪಿ ಬಂದರೆ ಗಾಬರಿಯಾಗಬೇಡಿ, ನಮ್ಮ ಭಾಗದಲ್ಲಿ ಅದು ಸಹಜ.

ಸಮುದ್ರ ದಾಟಿದ ಕಾಗದಗಳ ಬಗ್ಗೆಯೂ ಹೇಳಬೇಕು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಬೈಬಲ್ಲನ್ನು ಕನ್ನಡಕ್ಕೆ ತಂದ ಕೆಲಸದಿಂದ ಅವರ ಹೆಸರನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಆ ಸಂಸ್ಥೆಯ ದಫ್ತರ ಇಂದು ಲಂಡನ್ನಿನ ಸೋಯಸ್ ಎಂಬ ವಿದ್ಯಾಸಂಸ್ಥೆಯ ಗ್ರಂಥಾಲಯದಲ್ಲಿದೆ. ಆ ಕಾಲದಲ್ಲಿ ಇಲ್ಲಿಂದ ಇಂಗ್ಲೆಂಡಿಗೆ ಹೋಗುವ ಕಾಗದ ಮದರಾಸಿನವರೆಗೆ ಓಡಿ, ಹಡಗು ಹತ್ತಿ, ಆಫ್ರಿಕಾದ ತುದಿಯನ್ನು ಸುತ್ತಿ, ನಾಲ್ಕೋ ಐದೋ ತಿಂಗಳು ಸಮುದ್ರದಲ್ಲಿರುತ್ತಿತ್ತು. ಇಂಗ್ಲೆಂಡಿನ ಬಂದರಿನಲ್ಲಿ ಇಳಿದಾಗ ಇಂಡಿಯಾ ಲೆಟರ್ ಎಂಬ ಮಾತು ಮತ್ತು ಡೋವರ್, ಡೀಲ್, ಪೋರ್ಟ್ಸ್‌ಮತ್ ಮೊದಲಾದ ಬಂದರಿನ ಹೆಸರಿನ ಮುದ್ರೆ ಬೀಳುತ್ತಿತ್ತು. 1830ರಲ್ಲಿ ಹ್ಯೂ ಲಿಂಡ್ಸೆ ಎಂಬ ಹಬೆ ಹಡಗು ಮುಂಬಯಿಯಿಂದ ಸುಯೆಜ್‌ಗೆ ಹೋಯಿತು. ಆ ದಶಕದಲ್ಲಿ ಥಾಮಸ್ ವ್ಯಾಗ್‌ಹಾರ್ನ್ ಎಂಬಾತ ಈಜಿಪ್ಟಿನ ನೆಲದ ಮೇಲೆ ಕಾಗದ ಸಾಗಿಸುವ ವ್ಯವಸ್ಥೆ ಮಾಡಿ, ತನ್ನ ಹೆಸರಿನ ಮುದ್ರೆಯನ್ನೂ ಒತ್ತಿಸಿದ. ದಾರಿ ಎರಡು ತಿಂಗಳ ಒಳಗೆ ಬಂತು.

ಈ ದಾರಿಯ ಒಂದು ಕಾಗದದ ವಿಷಯದಲ್ಲಿ ನಾನು ದೊಡ್ಡ ತಪ್ಪು ಮಾಡಿದ್ದೇನೆ, ಅದನ್ನು ನಿಮಗೆ ಹೇಳಲೇಬೇಕು. ಸಂಗ್ರಹ ಆರಂಭಿಸಿದ ಹೊಸದರಲ್ಲಿ ಒಬ್ಬ ಮಾರಾಟಗಾರರು ನನಗೆ ಬಳ್ಳಾರಿಯ ದಂಡಿನಿಂದ ಇಂಗ್ಲೆಂಡಿಗೆ ಹೋಗಿದ್ದ ಒಂದು ಕಾಗದ ಕಳಿಸಿದರು. ಅದರ ಮೇಲೆ ಒಂದಕ್ಕೊಂದು ಸಮನಾಗಿ ಎರಡು ಸೀಳುಗಳಿದ್ದವು, ಉಳಿಯಿಂದ ಕತ್ತರಿಸಿದ ಹಾಗೆ. ಹರಿದ ಮಾಲು ಕಳಿಸಿದ್ದೀರಿ ಎಂದು ಬರೆದು ಹಿಂತಿರುಗಿಸಿದೆ. ಮೂರು ವರ್ಷಗಳ ಮೇಲೆ ತಿಳಿಯಿತು, ಪ್ಲೇಗು ಕಾಲರಾಗಳಿಗೆ ಹೆದರಿ, ಪೂರ್ವದಿಂದ ಬಂದ ಕಾಗದಗಳನ್ನು ಮಾಲ್ಟಾ ಮೊದಲಾದ ಕಡೆ ತಡೆಹಿಡಿದು, ಹೊಗೆ ಒಳಗೆ ಹೋಗಲೆಂದು ಸೀಳಿ, ಹೊಗೆ ಹಾಕಿಯೋ ಹುಳಿನೀರು ಚಿಮುಕಿಸಿಯೋ ಶುದ್ಧಗೊಳಿಸುತ್ತಿದ್ದರು ಎಂದು. ಆ ಸೀಳುಗಳು ಮುದ್ರೆಯಷ್ಟೇ ಬೆಲೆಯುಳ್ಳ ಗುರುತುಗಳು. ಬಳ್ಳಾರಿಯಿಂದ ಹೊರಟ ಒಂದು ಕಾಗದ ಮಾಲ್ಟಾದ ದಡದಲ್ಲಿ ಜ್ವರದ ಭಯದಿಂದ ಸೀಳಿಸಿಕೊಂಡು ಮುಂದೆ ಹೋಯಿತು ಎಂಬ ಸಂಗತಿಯನ್ನು ನಾನು ಕೈಯಲ್ಲಿ ಹಿಡಿದು ಗುರುತಿಸದೆ ಬಿಟ್ಟೆ. ಆ ಕಾಗದ ಮತ್ತೆ ನನಗೆ ಸಿಗಲಿಲ್ಲ. ಅಂದಿನಿಂದ ಯಾವ ತೂತು, ಕಲೆ, ಸೀಳನ್ನೂ ಅದರ ಕಾರಣ ಹುಡುಕದೆ ಹಾನಿ ಎಂದು ನಾನು ಬರೆದುಕೊಳ್ಳುವುದಿಲ್ಲ.

1854ರ ಬದಲಾವಣೆ ಎಷ್ಟು ದೊಡ್ಡದಾಗಿತ್ತು ಎಂಬುದನ್ನು ಒಂದೆರಡು ಅಂಕಿಗಳಲ್ಲಿ ಹೇಳಿ ಮುಂದೆ ಹೋಗುತ್ತೇನೆ. ದೂರದ ಲೆಕ್ಕವೇ ಹೋಯಿತು. ಕಾಲು ತೊಲಕ್ಕೆ ಅರ್ಧಾಣೆ, ಅರ್ಧ ತೊಲಕ್ಕೆ ಒಂದಾಣೆ, ಒಂದು ತೊಲಕ್ಕೆ ಎರಡಾಣೆ. ಕಲ್ಕತ್ತೆಯಿಂದ ಮುಂಬಯಿಗೆ ಹದಿನಾರಾಣೆ ಇದ್ದದ್ದು ಎರಡಾಣೆಗೆ ಇಳಿಯಿತು. ಚೀಟಿ ಅಂಟಿಸದ ಕಾಗದಕ್ಕೆ ಪಡೆದವನಿಂದ ಎರಡರಷ್ಟು ವಸೂಲಿ. ಕೈಮುದ್ರೆ ಹೋಗಲಿಲ್ಲ, ಆದರೆ ಅದರ ಕೆಲಸ ಬೇರೆಯಾಯಿತು. ಚೀಟಿ ಮತ್ತೆ ಬಳಕೆಯಾಗದಂತೆ ಅದನ್ನು ಹೊಡೆದು ಹಾಕುವುದು ಅದರ ಪಾಲಿಗೆ ಬಂತು.

ನಕಲಿಯ ಬಗ್ಗೆ ಒಂದು ಮಾತು. ಬೆಲೆ ಇದ್ದಲ್ಲಿ ನಕಲಿ ಇರುತ್ತದೆ. ಮುದ್ರೆಯೇ ಇಲ್ಲದ, ಕೈಯಲ್ಲಿ ಸಾಗಿಸಿದ ನಿಜವಾದ ಹಳೆಯ ಕಾಗದದ ಮೇಲೆ ಇತ್ತೀಚೆಗೆ ಮಾಡಿಸಿದ ಠಸ್ಸೆಯನ್ನು ಒತ್ತುವುದು ಸುಲಭದ ಮೋಸ. ಕಾಗದ, ಅರಗು, ಬರಹ ಎಲ್ಲವೂ ಅಸಲಿ, ಮುದ್ರೆ ಮಾತ್ರ ನಕಲಿ. ಭೂತಗನ್ನಡಿಯಲ್ಲಿ ನೋಡಿ. ಹೊಸ ಮಸಿ ಹಳೆಯ ಕಾಗದದ ನಾರಿನೊಳಗೆ ಅಡ್ಡಾದಿಡ್ಡಿ ಹರಡಿಕೊಳ್ಳುವುದು, ಮಡಿಕೆಯ ಬಿರುಕಿನೊಳಗೆ ಇಳಿದಿರುವುದು ಕಂಡರೆ ಅನುಮಾನಪಡಿ. ಮುದ್ರೆ ಬಿದ್ದಾಗ ಕಾಗದ ಹೊಸದು, ಬಿರುಕು ಆಮೇಲಿನದು, ಆದ್ದರಿಂದ ಬಿರುಕು ಮುದ್ರೆಯನ್ನು ಸೀಳಿರಬೇಕೇ ಹೊರತು ಮುದ್ರೆ ಬಿರುಕನ್ನು ತುಂಬಿರಬಾರದು. ಮತ್ತೆ ಕೇಳಿಕೊಳ್ಳಿ: ಪತ್ರದ ಊರು, ಮುದ್ರೆಯ ಊರು, ವಿಳಾಸದ ದಿಕ್ಕು ಒಂದಕ್ಕೊಂದು ಹೊಂದುತ್ತವೆಯೇ? ಹಣ ಸಂದಿದೆ ಎನ್ನುವ ಮುದ್ರೆಯ ಪಕ್ಕದಲ್ಲಿ ಕೈಬರಹದ ಅಂಕಿ ಇದೆಯೇ? ಇದಕ್ಕೂ ಇಡೀ ಕಾಗದವೇ ಬೇಕು.

ಕಾಪಾಡುವ ವಿಷಯದಲ್ಲಿ ನಮ್ಮ ಊರಿನ ಬಿಸಿಲನ್ನು ಮರೆಯಬೇಡಿ. ಏಪ್ರಿಲ್ ಮೇ ತಿಂಗಳಲ್ಲಿ ತಗಡಿನ ಮಾಡಿನ ಕೋಣೆಯಲ್ಲಿ, ಕಬ್ಬಿಣದ ಟ್ರಂಕಿನಲ್ಲಿ ಕಾಗದಗಳನ್ನು ಒಂದರ ಮೇಲೊಂದು ಅದುಮಿ ಇಟ್ಟರೆ ಅರಗು ಮೆತ್ತಗಾಗಿ ಪಕ್ಕದ ಹಾಳೆಗೆ ಅಂಟುತ್ತದೆ, ಆಮೇಲೆ ಬಿಡಿಸುವಾಗ ಎರಡೂ ಹಾಳಾಗುತ್ತವೆ. ಹಳೆಯ ಕಬ್ಬಿಣದ ಮಸಿ ತಾನಾಗಿಯೇ ಕಾಗದವನ್ನು ತಿನ್ನುತ್ತದೆ, ಸೆಕೆ ಮತ್ತು ತೇವ ಅದಕ್ಕೆ ಜೊತೆಯಾಗುತ್ತವೆ. ಅಂಟುಪಟ್ಟಿ ಬೇಡ, ಲ್ಯಾಮಿನೇಷನ್ ಎಂದಿಗೂ ಬೇಡ. ವಾಸನೆ ಬರುವ ಅಗ್ಗದ ಪ್ಲಾಸ್ಟಿಕ್ ಚೀಲವೂ ಬೇಡ. ಆಮ್ಲವಿಲ್ಲದ ಕಾಗದದ ನಡುವೆ, ಮನೆಯ ಅತ್ಯಂತ ತಂಪಾದ ಒಳಗೋಡೆಯ ಬದಿಯಲ್ಲಿ ಇಡಿ.

ಇನ್ನೊಂದು ಸಂಗತಿಯನ್ನು ನಾನು ಒತ್ತಿ ಹೇಳುತ್ತೇನೆ. ರದ್ದಿ ಅಂಗಡಿಯಲ್ಲಿ ಸರ್ಕಾರಿ ದಫ್ತರದ ಕಟ್ಟುಗಳು ಕಂಡರೆ, ಅವು ಹೇಗೆ ಹೊರಬಂದವು ಎಂದು ಕೇಳದೆ ಕೊಳ್ಳಬೇಡಿ. ಪತ್ರಾಗಾರದಿಂದ ಜಾರಿದ ಕಾಗದವನ್ನು ಕೊಂಡವನು ಸಂಗ್ರಾಹಕನಲ್ಲ. ಎಪ್ಪತ್ತೈದು ವರ್ಷಕ್ಕಿಂತ ಹಳೆಯದಾದ, ಚಾರಿತ್ರಿಕ ಬೆಲೆಯುಳ್ಳ ದಾಖಲೆಗಳು 1972ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ, ಅವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ ಎಂಬುದೂ ನೆನಪಿರಲಿ. ನಿಮ್ಮ ಮನೆಯ ಕಾಗದ, ನೆಂಟರ ಮನೆಯ ಕಾಗದ, ಒಪ್ಪಿಕೊಂಡು ಮಾರಿದವರ ಕಾಗದ ಸಾಕಷ್ಟಿವೆ. ಮಾರಲು ಮನಸ್ಸಿಲ್ಲದವರನ್ನು ಒತ್ತಾಯಿಸಬೇಡಿ. ಮುಂಬದಿ, ಬೆನ್ನು, ಒಳಗಿನ ಪತ್ರ ಮೂರರ ಚಿತ್ರ ತೆಗೆದುಕೊಂಡು, ಎಲ್ಲಿ ಸಿಕ್ಕಿತು, ಯಾರ ಮನೆತನದ್ದು ಎಂದು ಅಂದೇ ಬರೆದಿಡಿ. ಮುದ್ರೆಯ ಅಗಲ ಎತ್ತರಗಳನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ಅಷ್ಟಾದರೆ ಕಾಗದ ಅವರಲ್ಲೇ ಉಳಿದರೂ ನಮ್ಮ ಊರಿನ ಅಂಚೆಯ ಚರಿತ್ರೆಗೆ ಅದು ಸೇರಿದ ಹಾಗೆ.

ಆರಂಭದಲ್ಲಿ ಹೇಳಿದ ಡಬ್ಬಿ ಈಗಲೂ ನನ್ನ ಬಳಿ ಇದೆ. ಆ ಕೆಂಪು ಮುದ್ರೆಯ ತುಂಡನ್ನು ನಾನು ಬೇರೆಯಾಗಿ ಇಟ್ಟಿದ್ದೇನೆ. ಅದು 41 ಮಿಲಿಮೀಟರ್ ಅಗಲ, 26 ಮಿಲಿಮೀಟರ್ ಎತ್ತರ ಇದೆ. ಬಲಗಡೆಯ ಮೇಲಿನ ಮೂಲೆಯಲ್ಲಿ ಕತ್ತರಿ ಸ್ವಲ್ಪ ಓರೆಯಾಗಿ ಹೋಗಿದೆ. ಹಿಂಬದಿಯಲ್ಲಿ ಇಂಗ್ಲಿಷಿನ ಐದು ಸಾಲುಗಳ ತುಣುಕುಗಳಿವೆ, ಮಳೆ ಎಂಬ ಪದವೊಂದು, ಎತ್ತುಗಳು ಎಂಬ ಪದವೊಂದು ಸ್ಪಷ್ಟವಾಗಿ ಓದಬರುತ್ತವೆ. ಮುದ್ರೆ ಕತ್ತರಿಸಿದವರು ಉಳಿದ ಹಾಳೆಯನ್ನು ಎಸೆದರು ಎಂದು ನಾನು ಮೊದಲು ಹೇಳಿದೆ, ಆದರೆ ಅದು ಸುಟ್ಟೇ ಹೋಯಿತು ಎಂದು ಯಾರೂ ನೋಡಿಲ್ಲ. ನಿಮ್ಮ ಮನೆಯ ಹಳೆಯ ಕಾಗದಗಳ ನಡುವೆ, ಮುಖದ ಮೇಲೆ ಈ ಅಳತೆಯ, ಒಂದು ಮೂಲೆ ಓರೆಯಾದ ಕಿಂಡಿ ಇರುವ ಹಾಳೆ ಕಂಡರೆ ದಯವಿಟ್ಟು ಅದನ್ನು ಎತ್ತಿಡಿ. ನಾನು ತುಂಡನ್ನು ತೆಗೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ.